ಯಲಬುರ್ಗಾ ರಸ್ತೆಯಲ್ಲಿ ಹಿಮಾಲಯದ ತಾಲೀಮು

ನಮ್ಮ ಕಡೆ ಹೆಂಗಸೊಬ್ಬಳು ನಾಲ್ಕು ದಿನ ಮನೆ ಬಿಟ್ಟು ಹೋಗಬೇಕೆಂದರೆ ಒಂದು ಕಾರಣ ಬೇಕು. ಮದುವೆ, ಸಾವು, ಬಾಣಂತನ, ದೇವರು, ದವಾಖಾನೆ. ಇವು ಯಾವುವೂ ಇಲ್ಲದೆ ಹೊರಟಳೆಂದರೆ ಉಳಿಯುವುದು ಒಂದೇ: ಗಂಡನ ಜೊತೆ ಜಗಳ. ಈ ಕಾಯಿದೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಐವತ್ತು ದಾಟಿದ ಮೇಲೆ ನನ್ನ ತಲೆಯ ಮೇಲೆಯೇ ಬಂದು ಕೂರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೂ ಆಪಾಳದೂ ಕೂಡಿ ಒಂದು ಹೊಲಿಗೆ ಅಂಗಡಿ ಇದೆ. ಆಪಾ ನನ್ನ ಪಕ್ಕದ ಮನೆಯಾಕೆ, ನನಗಿಂತ ಸ್ವಲ್ಪ ದೊಡ್ಡವಳು. ಅವಳ ತಂಗಿಯರು ಕರೆಯುವುದನ್ನು ಕೇಳಿ ಕೇಳಿ ನಾನೂ ಆಪಾ ಎಂದೇ ಕರೆಯುತ್ತೇನೆ. ಕತ್ತರಿ ಅವಳದು, ಮಷಿನ್ ನನ್ನದು. ಕೂತು ಕೂತು ಇಬ್ಬರಿಗೂ ಸಕ್ಕರೆ ಕಾಯಿಲೆ ಬಂತು. ಕೊಪ್ಪಳದ ಡಾಕ್ಟರು ನಮ್ಮಿಬ್ಬರ ರಿಪೋರ್ಟನ್ನೂ ಒಟ್ಟಿಗೇ ನೋಡಿ, "ಅಕ್ಕಾರ, ಗುಳಿಗಿ ನಾ ಬರದು ಕೊಡ್ತೀನಿ. ನಡಿಯೋದು ಮಾತ್ರ ನೀವ ನಡೀಬೇಕು" ಎಂದರು.

ಶಿಕ್ಷೆ ಅಂದುಕೊಂಡೇ ಶುರು ಮಾಡಿದೆವು. ಆದರೆ ಏನು ಹೇಳಲಿ, ಹಿಡಿಸಿಬಿಟ್ಟಿತು! ಊರ ಹೊರಗೆ ಗಾಳಿಯಂತ್ರಗಳು ತಿರುಗುವ ಹೊಲಗಳ ನಡುವಿನ ರಸ್ತೆ. ಅಲ್ಲಿ ಯಾರಿಗೂ ಚಹಾ ಕೊಡಬೇಕಾಗಿಲ್ಲ, ಯಾರ ಜಂಪರಿನ ತೋಳೂ ಬಿಗಿಯಾಗಿಲ್ಲ, "ನಾಳೆ ಮದುವಿ ಐತ್ರಿ, ಇವತ್ತ ಹೊಲದು ಕೊಡ್ರಿ" ಎನ್ನುವವರಿಲ್ಲ. ಸುಮ್ಮನೆ ನಡೆಯುವುದು. ಮದುವೆಯಾದ ಮೇಲೆ ಅಷ್ಟು ಖುಷಿ ಕೊಟ್ಟದ್ದು ನನಗೆ ಇನ್ನೊಂದಿಲ್ಲ. ಗಂಡ ಇದನ್ನು ಓದಿದರೆ ಓದಲಿ.

ಹೀಗಿರುವಾಗ ಆಪಾಳ ಸೊಸೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಉತ್ತರಾಖಂಡದ ಹೂವಿನ ಕಣಿವೆ. ಸುತ್ತ ಹಿಮದ ಬೆಟ್ಟ, ನಡುವೆ ಕಣ್ಣು ಹಾಯುವಷ್ಟು ದೂರ ಹೂವು. ಹುಬ್ಬಳ್ಳಿಯಲ್ಲಿ ಹೆಂಗಸರದೇ ಒಂದು ಚಾರಣದ ಗುಂಪಿದೆಯಂತೆ. ಆಗಸ್ಟ್ ತಿಂಗಳಲ್ಲಿ ಅವರು ಆ ಕಣಿವೆಗೂ ಗಂಗೋತ್ರಿ ಕಡೆಯ ಇನ್ನೊಂದು ರಾಷ್ಟ್ರೀಯ ಉದ್ಯಾನಕ್ಕೂ ಹೊರಟಿದ್ದರು. ಎರಡು ಜಾಗ ಖಾಲಿ ಇದ್ದವು. ಆಪಾ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ನೀ ಬಂದ್ರ ನಾ ಬರ್ತೀನಿ ತಂಗಿ. ಒಬ್ಬಾಕೀನ ಅಂದ್ರ ನಾ ಒಲ್ಲೆ."

ಅವಳ ಗಂಡ ಆಗಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದ. "ಹೋಗಿ ಬಾ, ಮನ್ಯಾಗ ಹದಿನೈದ ದಿನ ಶಾಂತಿ ಇರ್ತೈತಿ" ಎಂದಿದ್ದನಂತೆ. ಉಳಿದದ್ದು ನನ್ನ ಗಂಡ. ಅವನು ಬಸ್ ಕಂಡಕ್ಟರ್. ಹೇಳಿದ ಕೂಡಲೇ ಅವನಿಗೆ ಅವಮಾನವಾದ ಹಾಗಾಯಿತು.

"ನಡೀಲಾಕ ರೊಕ್ಕ ಕೊಟ್ಟು ಹೋಗ್ತಾರೇನ? ಮಂದಿ ನಡೀಬಾರದು ಅಂತ ಅಲ್ಲೇನ ನಾವು ಬಸ್ ಬಿಡೋದು?"

"ನಿಮ್ಮ ಬಸ್ಸು ಆ ಗುಡ್ಡ ಏರಂಗಿಲ್ಲರಿ."

"ಏರದಿದ್ದ ಜಾಗಕ್ಕ ಯಾಕ ಹೋಗಬೇಕು?"

ಕಡೆಗೆ "ನೋಡೂಣು" ಎಂದ. ನನ್ನ ಗಂಡನ "ನೋಡೂಣು" ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಸೀಟಿಲ್ಲದ ಬಸ್ಸಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೋದಂತೆ. ಗುಂಪಿನ ಮುಖ್ಯಸ್ಥೆ ಮಾತ್ರ ಜುಲೈ ಮೊದಲ ಭಾನುವಾರದ ಸಂಜೆಯೊಳಗೆ ಹೇಳಿಬಿಡಿ, ಇಲ್ಲವಾದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆ ಎಂದಿದ್ದಳು. ನಾನು ಒಲ್ಲೆ ಎಂದರೆ ಆಪಾಳದೂ ಮುಗಿಯಿತು. ನನಗಂತೂ ಆ ಹೂವು ನೋಡದೆ ಸತ್ತರೆ ಸಾಯುವುದೇ ದಂಡ ಅನ್ನಿಸಿಬಿಟ್ಟಿತ್ತು.

ಸುದ್ದಿ ಅಂಗಡಿಗೆ ಬರುವ ಗಿರಾಕಿಗಳಿಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬಾಕೆ ಗಂಗಾಜಲ ತರಲು ಐದು ಲೀಟರಿನ ಡಬ್ಬಿ ತಂದಿಟ್ಟಳು. ಇನ್ನೊಬ್ಬಾಕೆ ಫಾಲ್ ಹಚ್ಚಲು ಸೀರೆ ಕೊಟ್ಟವಳು ಅಲ್ಲೇ ಕೂತುಬಿಟ್ಟಳು.

"ಅಲ್ಲಿ ಯಾವ ದೇವರೈತ್ರಿ?"

"ದೇವರಿಲ್ಲವ್ವ, ಹೂವು ಅದಾವು."

"ಆ ಹೂವು ಯಾವ ದೇವರಿಗೆ ಏರಸ್ತಾರ?"

"ಯಾವ ದೇವರಿಗೂ ಇಲ್ಲ. ಅವನ್ನ ಹರಿಯೋ ಹಂಗs ಇಲ್ಲ."

"ಮತ್ತ ಯಾಕ ಹೊಂಟೀರಿ?"

ಆಪಾ ಟೇಪು ಕೊರಳಿಗೆ ಹಾಕಿಕೊಂಡು, "ನಡೀಲಾಕ" ಎಂದಳು. ಆ ಹೆಂಗಸು ಆಪಾಳನ್ನು ಮೇಲಿಂದ ಕೆಳಗೆ ನೋಡಿ, "ನೀವೂನಾ?" ಎಂದಳು. ಸೀರೆ ವಾಪಸು ತೆಗೆದುಕೊಂಡು ಹೋಗಲಿಲ್ಲ, ಅದು ನಮ್ಮ ಪುಣ್ಯ.

ಬೆನ್ನಿಗೆ ಹಾಕುವ ದೊಡ್ಡ ಚೀಲ ಬೇಕೆಂದು ಗುಂಪಿನವರು ಹೇಳಿದ್ದರು. ಅಂಗಡಿಯಲ್ಲಿ ಮಷಿನ್ ಇಟ್ಟುಕೊಂಡು ಚೀಲ ಕೊಳ್ಳುವುದೆಂದರೆ ನಾಚಿಕೆಗೇಡು. ಇಬ್ಬರಿಗೂ ಒಂದೊಂದು ನಾವೇ ಹೊಲಿದೆವು. ಗಂಗಾವತಿಯಿಂದ ತಂದ ಪರದೆಯ ಬಟ್ಟೆ ಉಳಿದಿತ್ತು, ಗಟ್ಟಿ ಬಟ್ಟೆ, ಮೈತುಂಬ ಕೆಂಪು ಗುಲಾಬಿ. ಒಳಗೆ ಅಸ್ತರ್, ಹೊರಗೆ ಎರಡೆರಡು ಹೊಲಿಗೆ. ಆಪಾ ಅಳತೆ ತೆಗೆಯುವಾಗ "ರೊಟ್ಟಿಗೆ ಒಂದು ಖಾನೆ ಬೇರೆ ಇರ್ಲಿ, ಮುರಿಬಾರದು" ಎಂದಳು. ಅಲ್ಲಿ ಊಟ ಅವರೇ ಕೊಡುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಎಲ್ಲಕ್ಕೂ ಒಂದೊಂದು ಖಾನೆಯಾಯಿತು. ಮುಗಿಯುವ ಹೊತ್ತಿಗೆ ಚೀಲ ಸಣ್ಣ ಗಾದಿಯಷ್ಟು ದೊಡ್ಡದಾಗಿತ್ತು. ಹಾಕಿಕೊಂಡರೆ ಹಿಂದಿನಿಂದ ಮನುಷ್ಯರು ಕಾಣುವುದಿಲ್ಲ, ಗುಲಾಬಿ ತೋಟಕ್ಕೆ ಎರಡು ಕಾಲು ಬಂದಂತೆ ಕಾಣುತ್ತದೆ.

ಆ ಚೀಲದಲ್ಲಿ ಭಾರ ತುಂಬಿಕೊಂಡು ದಿನಾ ನಡೆದು ರೂಢಿ ಮಾಡಿಕೊಳ್ಳಿ ಎಂದಿದ್ದರು. ಹೇಳುವುದು ಸುಲಭ. ನಮ್ಮ ಸೀಮೆಯಲ್ಲಿ ಭಾರ ಹೊತ್ತ ಹೆಂಗಸನ್ನು ನಡೆಯಲು ಯಾರು ಬಿಡುತ್ತಾರೆ? ಹತ್ತು ಹೆಜ್ಜೆ ಇಟ್ಟರೆ ಒಂದು ಟ್ರ್ಯಾಕ್ಟರ್ ನಿಲ್ಲುತ್ತದೆ. "ಏರ್ರಿ ಅಕ್ಕಾರ." ಬ್ಯಾಡಪ್ಪ ಎಂದರೆ ಅವನ ಮುಖ ಸಣ್ಣದಾಗುತ್ತದೆ. ಅವನು ಹೋದ ಬೆನ್ನಿಗೆ ಬೈಕು. ಅದರ ಹಿಂದೆ ಹಾಲಿನ ಗಾಡಿ. ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು, "ಚೀಲರ ಕೊಡ್ರಿ, ನಾ ಒಯ್ದು ಇಡ್ತೀನಿ" ಎಂದ. ಎರಡು ಸಲ ನಾವು ಸಂಕೋಚಕ್ಕೆ ಟ್ರ್ಯಾಕ್ಟರ್ ಹತ್ತಿ, ಸ್ವಲ್ಪ ದೂರದಲ್ಲಿ ಇಳಿದು, ಅಲ್ಲಿಂದ ವಾಪಸು ನಡೆದು ಬಂದೆವು. ಹಿಮಾಲಯದ ತಾಲೀಮು ಈ ರೀತಿ ನಡೆದಿತ್ತು.

ಗಡುವಿನ ಆ ಭಾನುವಾರ ಆಪಾ ಜೊತೆಗಿರಲಿಲ್ಲ. ಹಿಂದಿನ ದಿನವೇ ಗಂಗಾವತಿಯ ತನ್ನ ತಂಗಿಯ ಮನೆಗೆ ಹೋಗಿದ್ದಳು, ಮಧ್ಯಾಹ್ನ ಬರುವವಳಿದ್ದಳು. ನಾನು ಒಬ್ಬಳೇ ನಸುಕಿನಲ್ಲಿ ಎದ್ದು, ಚೀಲದೊಳಗೆ ಜೋಳ ತುಂಬಿ, ಅದು ಅಲುಗಾಡಬಾರದೆಂದು ಮೇಲೆ ಎರಡು ಹಳೆಯ ಸೀರೆ ತುರುಕಿಕೊಂಡು ಹೊರಟೆ. ಗಂಡ ಇನ್ನೂ ಮಲಗಿದ್ದ. ವಾಹನ ಕಡಿಮೆ ಇರುತ್ತವೆಂದು ಯಲಬುರ್ಗಾ ರಸ್ತೆ ಹಿಡಿದೆ. ನನ್ನ ತವರುಮನೆ ಯಲಬುರ್ಗಾದ ಹತ್ತಿರದ ಹಳ್ಳಿ. ಅದು ಆ ಹೊತ್ತಿನಲ್ಲಿ ನನ್ನ ನೆನಪಿನಲ್ಲೇ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವತ್ತೂ ಯಾರೂ ನಂಬಲಿಲ್ಲ.

ಊರು ದಾಟಿದ ಮೇಲೆ ಎದುರಿಗೆ ಒಂದು ಟಂಟಂ ಬಂತು, ಕಾಯಿಪಲ್ಯ ಹೇರಿಕೊಂಡು ಸಂತೆಗೆ ಹೊರಟದ್ದು. ಓಡಿಸುವವನು ನನ್ನ ತವರೂರಿನವನೇ. ಗಕ್ಕನೆ ನಿಲ್ಲಿಸಿದ. ನನ್ನನ್ನು ನೋಡಿದ, ಚೀಲ ನೋಡಿದ. ಚೀಲದ ಬಾಯಿಂದ ಸೀರೆಯ ಸೆರಗು ಹೊರಗೆ ಜೋತು ಬಿದ್ದಿತ್ತು. ಧೂಳು ಹೊಕ್ಕು ನನ್ನ ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ಲಪ್ಪ, ಸುಮ್ನ."

"ಊರಿಗೇನ್ರಿ? ಏರ್ರಿ, ಗಾಡಿ ತಿರುಗಸ್ತೀನಿ, ಬಿಟ್ಟು ಬರ್ತೀನಿ."

"ಬ್ಯಾಡೋ ತಮ್ಮಾ. ನಾ ನಡಕೊಂತನ ಹೋಗ್ತೀನಿ."

ಈಗ ಯೋಚಿಸಿದರೆ, ಮುನಿಸಿಕೊಂಡು ತವರಿಗೆ ಹೊರಟ ಹೆಂಗಸು ಆಡುವ ಮಾತು ಇದಕ್ಕಿಂತ ಸರಿಯಾಗಿ ಇನ್ಯಾವುದೂ ಇಲ್ಲ. ಅವನು ತಲೆ ಅಲ್ಲಾಡಿಸಿದ. "ಮಾಮಾರಿಗೆ ಗೊತ್ತೈತೇನ್ರಿ?" ಎಂದ. "ಅವರು ಮಲಗ್ಯಾರ" ಎಂದೆ. ಅಯ್ಯೋ ನನ್ನ ಬಾಯಿಗೆ! ಅವನು ಮತ್ತೇನೂ ಕೇಳದೆ, ಬುಟ್ಟಿಯಿಂದ ಎರಡು ಸೌತೆಕಾಯಿ ತೆಗೆದು ನನ್ನ ಕೈಗೆ ತುರುಕಿ, "ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ಹೋದ. ನಾನು ಸೌತೆಕಾಯಿ ತಿನ್ನುತ್ತ ಇನ್ನಷ್ಟು ದೂರ ನಡೆದು, ಬಿಸಿಲೇರುವ ಹೊತ್ತಿಗೆ ವಾಪಸು ಬಂದು, ಜಳಕ ಮಾಡಿ ಅಂಗಡಿಗೆ ಹೋದೆ. ಎಷ್ಟು ಹಾಯಾಗಿತ್ತೆಂದರೆ, ಸಂಜೆ ಗಂಡನಿಂದ ಹೂಂ ಎನ್ನಿಸಿಕೊಂಡೇ ಬಿಡುತ್ತೇನೆ ಎಂದುಕೊಂಡು ಮೂರು ಜಂಪರು ಮುಗಿಸಿದೆ.

ಊಟಕ್ಕೆಂದು ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಯ ರಾಶಿ. ಒಳಗೆ ನನ್ನ ತಮ್ಮ, ಅಪ್ಪನ ತಮ್ಮನಾದ ಕಾಕಾ, ಮೂಲೆಯಲ್ಲಿ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವ್ವ. ನಡುವೆ ಲುಂಗಿ ಬನಿಯನ್ನಿನಲ್ಲಿ ನನ್ನ ಗಂಡ, ಟಿಕೇಟಿಲ್ಲದೆ ಸಿಕ್ಕಿಬಿದ್ದ ಪ್ಯಾಸೆಂಜರಿನ ಹಾಗೆ.

ನನ್ನನ್ನು ನೋಡಿ ತಮ್ಮ ಎದ್ದು ನಿಂತ. "ಅಕ್ಕಾ! ನೀ ಇಲ್ಲೇ ಅದಿ? ಟಂಟಂನವ ಫೋನ್ ಹಚ್ಚಿದ, ದಾರಿ ತುಂಬ ಹುಡಿಕ್ಕೋಂತ ಬಂದ್ವಿ!"

ಕಾಕಾ ಕೈ ಎತ್ತಿ ಅವನನ್ನು ಕೂರಿಸಿದ. ಕಾಕಾ ನಮ್ಮೂರಿನ ದೈವದಲ್ಲಿ, ಅಂದರೆ ಹಿರಿಯರ ಪಂಚಾಯಿತಿಯಲ್ಲಿ, ಕೂರುವ ಮನುಷ್ಯ. ಗಂಡ ಹೆಂಡಿರ ಜಗಳ ಬಗೆಹರಿಸುವುದರಲ್ಲಿ ಎತ್ತಿದ ಕೈ. ಈ ಕಡೆ ಎರಡು ಬುದ್ಧಿಮಾತು, ಆ ಕಡೆ ಎರಡು ಬುದ್ಧಿಮಾತು, ಆಮೇಲೆ ಬಾಯಿಗೆ ಸಕ್ಕರೆ, ಮುಗಿಯಿತು. ಆದರೆ ಮೊದಲು ತಪ್ಪು ಯಾರದೆಂದು ಹೊರಗೆ ಬರಬೇಕು, ಇಲ್ಲವಾದರೆ ಅವನಿಗೆ ಸಮಾಧಾನವಿಲ್ಲ.

"ಈಗ ಹೇಳ್ರಿ ಅಳಿಯಂದ್ರ. ಏನ್ ಮಾಡಿದ್ರಿ?"

"ನಾ ಏನೂ ಮಾಡಿಲ್ರಿ ಮಾವಾರ."

"ಏನೂ ಮಾಡದನ ಹೆಣ್ಮಗಳು ನಸಿಕಿನ್ಯಾಗ ಅರಿವಿ ಅಂಚಡಿ ಗಂಟು ಕಟ್ಗೊಂಡು ತವರಮನಿ ದಾರಿ ಹಿಡೀತಾಳೇನ್ರಿ?"

"ಕಾಕಾ, ನಾ ತವರಮನಿಗೆ ಹೊಂಟಿದ್ದಿಲ್ಲ. ಉತ್ತರದ ಗುಡ್ಡಕ್ಕ ಹೋಗಬೇಕಂತ ನಡಿಯೋದು ರೂಢಿ ಮಾಡ್ಕೊಳ್ಳಾಕತ್ತಿದ್ದೆ" ಎಂದೆ.

"ನೀ ಸುಮ್ಕಿರವ್ವ. ಗಂಡನ ಮಾನ ಕಾಯಬೇಕು ಅಂತ ಹೇಳ್ತಿ. ನಮಗ ತಿಳಿಯಂಗಿಲ್ಲೇನ?"

ಗಂಡ ತಲೆ ಕೆರೆದುಕೊಂಡ. ಏನಾದರೂ ಹೇಳದೆ ಇವರು ಏಳುವುದಿಲ್ಲ ಎಂದು ಅವನಿಗೆ ಅರ್ಥವಾಗಿರಬೇಕು. "ಮೊನ್ನಿ ಸಾರಿನ್ಯಾಗ ಉಪ್ಪ ಹೆಚ್ಚಾಗೈತಿ ಅಂದಿದ್ದೆ" ಎಂದ. ಕಾಕಾ ಹೂಂ ಎಂದ. ತಮ್ಮನ ಹುಬ್ಬು ಗಂಟಾಯಿತು. "ಹೋದ ವರ್ಷ ನಿಮ್ಮ ಮನಿ ಸೀಮಂತಕ್ಕ ಡ್ಯೂಟಿ ಐತಿ ಅಂತ ಸುಳ್ಳ ಹೇಳಿದ್ದೆ." ಹೂಂ. "ಆಕಿ ಕನ್ನಡಕ ಒಡದದ್ದು ಬೆಕ್ಕಲ್ಲ, ನಾನು." ಹೂಂ. "ನಮ್ಮ ಮದುವಿ ಆದ ಹೊಸದಾಗಿ ಗೋಳಗುಮ್ಮಟ ತೋರಸ್ತೀನಿ ಅಂದಿದ್ದೆ. ಅದನ್ನೂ ತೋರಿಸಿಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಗೋಳಗುಮ್ಮಟ ನನಗೇ ಮರೆತು ಹೋಗಿತ್ತು. ಈ ಪುಣ್ಯಾತ್ಮ ಇಷ್ಟು ವರ್ಷ ಅದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದನೆಂದು ಗೊತ್ತಾಗಿ ನನಗೆ ಅಯ್ಯೋ ಅನ್ನಿಸಿತು. ಕನ್ನಡಕದ ವಿಷಯಕ್ಕೆ ಮಾತ್ರ ಸಿಟ್ಟು ಬಂತು. ಆ ಬೆಕ್ಕಿಗೆ ನಾನು ಒಂದು ವಾರ ಹಾಲು ಹಾಕಿರಲಿಲ್ಲ.

ಅಷ್ಟರಲ್ಲಿ ಆಪಾ ಬಂದಳು. ಬಸ್ಸಿಳಿದ ಕೂಡಲೇ ಓಣಿಯವರು ಅವಳಿಗೆ ಸುದ್ದಿ ಮುಟ್ಟಿಸಿದ್ದರು. ನನ್ನ ಪರ ಸಾಕ್ಷಿ ಹೇಳಲು ಚೀಲ ಇಳಿಸದೆ ಓಡೋಡಿ ಬಂದಿದ್ದಳು. ಬೆನ್ನ ಮೇಲೆ ನನ್ನದರಂಥದೇ ಗುಲಾಬಿ ಚೀಲ, ಅದರ ತುಂಬ ತಂಗಿ ಕೊಟ್ಟ ಗಂಗಾವತಿ ಅಕ್ಕಿ.

"ಅರೇ, ಏನೂ ಆಗಿಲ್ರಿ ಕಾಕಾರ! ಇದು ನಮ್ಮ ಪ್ರಾಕ್ಟೀಸು. ನೋಡ್ರಿ, ನಂದೂ ಹಿಂತಾದ್ದs ಐತಿ!" ಎಂದು ತಿರುಗಿ ನಿಂತು ಚೀಲ ತೋರಿಸಿದಳು.

ಕಾಕಾ ಚೀಲ ನೋಡಿ, ಅವಳ ಬೆವೆತ ಮುಖ ನೋಡಿ, ಬಹಳ ಮರುಕದಿಂದ ಕೇಳಿದ: "ನಿಮ್ಮ ಮನ್ಯಾಗೂ ಜಗಳೇನವ್ವ?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು. ನಗು ಬಂತೆಂದರೆ ಮುನಿಸು ಇಳಿಯಿತು ಎಂದು ಕಾಕಾ ತೀರ್ಮಾನಿಸಿಬಿಟ್ಟ. ಗಂಡ ಒಂದು ಇಳಕಲ್ ಸೀರೆ ತರಬೇಕು. ಗೋಳಗುಮ್ಮಟ ತೋರಿಸಬೇಕು. ನಾನು ಚಹಾ ಮಾಡಬೇಕು. ನನ್ನದೇ ರಾಜಿಗೆ ನಾನೇ ಚಹಾ ಮಾಡಿದೆ, ಸಕ್ಕರೆ ನನಗೂ ಆಪಾಳಿಗೂ ಇಲ್ಲದೆ. ಬಸಿ ಕೆಳಗಿಡುತ್ತ ಕಾಕಾ ಕೊನೆಯ ಮಾತು ಹೇಳಿದ:

"ಆತು, ಎಲ್ಲಾ ಬಗೀಹರೀತು. ಇನ್ನ ಆ ಉತ್ತರ ದಿಕ್ಕಿನ ಗುಡ್ಡ ಗಿಡ್ಡ ಎಲ್ಲಾ ಬಿಟ್ಟುಬಿಡವ್ವ. ಸಿಟ್ಟಿನ್ಯಾಗ ಹೊಂಟಿದ್ದಿ, ಈಗ ಸಿಟ್ಟು ಇಳೀತಲ್ಲ."

ಗಂಡನ ಮುಖ ನೋಡಿದೆ. ಅವನು ಚಹಾದ ಬಟ್ಟಲೊಳಗೆ ನೋಡುತ್ತಿದ್ದ. ಸಂಜೆಯವರೆಗೆ ಇದ್ದ ಅವಕಾಶವನ್ನೂ ಇವರು ಕಿತ್ತುಕೊಂಡರು. ಜಗಳವಾಡಿ ಹೊರಟರೆ ಇಡೀ ಸೀಮೆಗೆ ಅರ್ಥವಾಗುತ್ತದೆ, ಓಡಿ ಬರುತ್ತಾರೆ, ಸೌತೆಕಾಯಿ ಕೊಡುತ್ತಾರೆ. ಖುಷಿಯಿಂದ ಹೊರಟರೆ ಒಬ್ಬರಿಗೂ ತಿಳಿಯುವುದಿಲ್ಲವಲ್ಲ!

"ನಾ ಸಿಟ್ಟಾಗಿಲ್ಲ!" ಎಂದು ಕಿರುಚಿದೆ. ಹಾಲಿನ ಪಾತ್ರೆ ಕೈಯಿಂದ ಬಿತ್ತು. "ಬೆಳಿಗ್ಗೆನೂ ಸಿಟ್ಟಾಗಿದ್ದಿಲ್ಲ, ಯಾವತ್ತೂ ಸಿಟ್ಟಾಗಿದ್ದಿಲ್ಲ! ನನಗೇನೂ ಕಡಿಮಿ ಇಲ್ಲ, ನಾ ಸುಮ್ನ ಹೋಗಬೇಕು ಅಂತೀನಿ!"

"ನೋಡ್ರಿ, ಹೆಂಗ ಸಿಟ್ಟಾಗ್ಯಾಳ" ಎಂದು ಕಾಕಾ ನನ್ನ ಗಂಡನ ಕಡೆ ತಿರುಗಿದ. "ಇನ್ನೂ ಏನೋ ಐತ್ರಿ. ನೆನಪ ಮಾಡ್ಕೋರಿ."

ಆಪಾ ಚೀಲ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ನನಗೆ ಅಳು ಬಂತು, ಈ ಸಲ ಧೂಳಿನಿಂದಲ್ಲ.

ಅವ್ವ ಮೂಲೆಯಿಂದ ಕೈಸನ್ನೆ ಮಾಡಿ ಕರೆದಳು. ಅವ್ವ ಹೆಸರುಕಾಳಿನ ಹೊಲದಲ್ಲಿ ಕಸ, ಅಂದರೆ ಕಳೆ, ಕೀಳುತ್ತಿದ್ದವಳು, ಸುದ್ದಿ ಕೇಳಿ ಹಾಗೇ ಎದ್ದು ಬಂದಿದ್ದಳು. ಸೀರೆಯ ಅಂಚಿಗೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.

"ಅಲ್ಲೇನೈತಿ, ತೋರ್ಸು ನನಗ."

ಮೊಬೈಲಿನಲ್ಲಿ ಆ ವಿಡಿಯೋ ಹಚ್ಚಿ ಕೊಟ್ಟೆ. ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಚ್ಚು ಎಂದಳು.

"ಯಾರ ಹೊಲ ಇದು?"

"ಯಾರದೂ ಅಲ್ಲಬೇ. ಸರಕಾರದ್ದು. ಕಾಯ್ದು ಇಟ್ಟಾರ."

"ಯಾರ ಬಿತ್ಯಾರ?"

"ಯಾರೂ ಬಿತ್ತಿಲ್ಲ. ತಾವs ಬೆಳೀತಾವು."

"ದನ ಬಿಡಂಗಿಲ್ಲ?"

"ಇಲ್ಲ."

"ಕಸ ಯಾರು ತಗೀತಾರ?"

"ಯಾರೂ ತಗ್ಯಂಗಿಲ್ಲಬೇ. ಅಲ್ಲಿ ಇರೋದೆಲ್ಲಾ ಅದs."

ಅವ್ವ ಬೆರಳಿನಿಂದ ಪರದೆಯನ್ನು ಮೆಲ್ಲಗೆ ಮುಟ್ಟಿದಳು. "ಅಂದ್ರ ಇದೆಲ್ಲಾ ಕಸ?"

"ಹೂಂ."

"ಬಿಟ್ರ ಇಷ್ಟು ಚಂದ ಬೆಳೀತೈತೇನ ಕಸ?" ಎಂದಳು. ಮೊಬೈಲ್ ನನ್ನ ಕೈಗೆ ಕೊಟ್ಟಳು. "ನನಗ ತಿಳುವಳಿಕಿ ಬಂದಾಗಿಂದ ಕಿತ್ತಕೊಂತನ ಬಂದೀನವ್ವ. ಸುಮ್ನ ನೋಡಬೇಕಂತ ಒಂದ ಹೊಲಕ್ಕೂ ಹೋಗಿಲ್ಲ."

ಕಾಕಾ ಗಂಟಲು ಸರಿಮಾಡಿಕೊಂಡು "ಅತಿಗಿ, ಹಂಗಲ್ಲ..." ಎಂದ. ಅವ್ವ ಅವನ ಕಡೆ ನೋಡಲಿಲ್ಲ. ನೇರವಾಗಿ ನನ್ನ ಗಂಡನಿಗೆ ಹೇಳಿದಳು. ಅಳಿಯನ ಮುಂದೆ ಸೆರಗು ತಲೆಯ ಮೇಲೆ ಎಳೆದುಕೊಳ್ಳದೆ ಅವಳು ಮಾತಾಡಿದ್ದನ್ನು ನಾನು ಅವತ್ತೇ ನೋಡಿದ್ದು.

"ಆಕೀನ ಕಳಸ್ರಿ."

ಗಂಡ ಬಟ್ಟಲು ಕೆಳಗಿಟ್ಟ. "ಹೂನ್ರಿ ಅತ್ತಿ" ಎಂದ. ಎರಡು ತಿಂಗಳಿಂದ ನಾನು ಕಾಯುತ್ತಿದ್ದ ಹೂಂ ಅದು, ಅರೆಕ್ಷಣದಲ್ಲಿ ಬಂತು. ಆಪಾ "ಯಾ ಅಲ್ಲಾ" ಎಂದು ಅಕ್ಕಿ ಚೀಲವನ್ನೇ ಅಪ್ಪಿಕೊಂಡಳು.

ಅವರು ಊರಿಗೆ ಹೊರಡುವಾಗ ಅವ್ವ ಗಾಡಿಯವರೆಗೆ ನನ್ನ ಕೈ ಹಿಡಿದುಕೊಂಡೇ ಬಂದಳು. ಅವಳಿಗೆ ಸೊಂಟ ಪೂರ್ತಿ ನೆಟ್ಟಗಾಗುವುದಿಲ್ಲ. ನನ್ನ ಮುಖ ನೋಡಬೇಕೆಂದರೆ ಕತ್ತನ್ನು ಓರೆ ಮಾಡಿ ಮೇಲೆತ್ತಬೇಕು. ಹಾಗೆ ಎತ್ತಿ, ಉಳಿದವರಿಗೆ ಕೇಳಿಸದ ಹಾಗೆ ಹೇಳಿದಳು:

"ಅಲ್ಲಿ ಹೋದಿಂದ ಕೈ ಸುಮ್ಕಿರಂಗಿಲ್ಲ ನೋಡು, ಕೀಳಾಕ ಹೋಗ್ತೈತಿ. ಬಗ್ಗಬ್ಯಾಡ. ನಿಂತ ನೋಡಿ ಬಾ."